ಅಂಚಿನಲ್ಲಿ ಉಳಿದ ಗೆರೆ

ಹಸಿರು ಪರದೆಯ ಮುಂದೆ ನಿಂತ ನಟಿಯನ್ನು ಬಿಡಿಸಿ ತೆಗೆದು, ಅರಮನೆಯ ಚಿತ್ರದ ಮೇಲೆ ಕೂರಿಸಿದಾಗ ಆಕೆಯ ಮುಂಗುರುಳಿನ ಸುತ್ತ ತೆಳ್ಳನೆಯ ಕಪ್ಪು ಗೆರೆಯೊಂದು ಉಳಿದುಬಿಡುವುದುಂಟು. ಬೇರೆ ಬೇರೆ ಚಿತ್ರಗಳನ್ನು ಒಂದಾಗಿ ಬೆಸೆಯುವ ಕಾಂಪೋಸಿಟಿಂಗ್ ಕೆಲಸದಲ್ಲಿ ಇದು ಹಳೆಯ ತಲೆನೋವು. ಹೊಸಬರು ಗೆರೆ ಕಂಡ ಜಾಗದಲ್ಲೇ ಮದ್ದು ಹಚ್ಚುತ್ತಾರೆ: ಅಂಚನ್ನು ಒಂದಿಷ್ಟು ಕತ್ತರಿಸುತ್ತಾರೆ, ಒಂದಿಷ್ಟು ಮಸುಕು ಮಾಡುತ್ತಾರೆ. ಗೆರೆ ಹೋಗುತ್ತದೆ, ಅದರ ಜೊತೆ ಕೂದಲೂ ಹೋಗುತ್ತದೆ. ಪಳಗಿದವರು ಅಂಚನ್ನು ಮುಟ್ಟುವುದೇ ಇಲ್ಲ. ಚಿತ್ರ ಹಾದುಬಂದ ದಾರಿಯಲ್ಲಿ ಒಂದೊಂದೇ ಮೆಟ್ಟಿಲು ಹಿಂದಕ್ಕೆ ಹೋಗಿ, ಗೆರೆ ಮೊದಲು ಎಲ್ಲಿ ಹುಟ್ಟಿತೆಂದು ನೋಡುತ್ತಾರೆ. ದೋಷ ಕಾಣುವ ಜಾಗ ಬೇರೆ, ಹುಟ್ಟುವ ಜಾಗ ಬೇರೆ. ಹೈದರಾಬಾದ್‌ನ ಸ್ಟುಡಿಯೋಗಳು ಬೆಳೆದ ಕಥೆಯನ್ನು ಈ ಒಂದು ಮಾತಿನ ಸುತ್ತ ಹೇಳಬಹುದು.

ಕಂಪ್ಯೂಟರ್ ಬರುವ ಮೊದಲೂ ಬೆಸುಗೆ ಇತ್ತು. 1957ರಲ್ಲಿ ಮದರಾಸಿನಲ್ಲಿ ತಯಾರಾದ ‘ಮಾಯಾಬಜಾರ್’ನ ಮಾಯೆಯೆಲ್ಲ ಛಾಯಾಗ್ರಾಹಕ ಮಾರ್ಕಸ್ ಬಾರ್ಟ್ಲಿಯವರ ಕ್ಯಾಮೆರಾದೊಳಗೆ ಹುಟ್ಟಿದ್ದು. 1977ರ ‘ಬಭ್ರುವಾಹನ’ದಲ್ಲಿ ರಾಜ್‌ಕುಮಾರ್ ಅರ್ಜುನನಾಗಿಯೂ ಬಭ್ರುವಾಹನನಾಗಿಯೂ ಎದುರುಬದುರು ನಿಂತದ್ದನ್ನು ಕನ್ನಡಿಗರು ಮರೆತಿಲ್ಲ. ಆ ಕಾಲದ ದ್ವಿಪಾತ್ರದ ರೀತಿ ಸರಳ, ಆದರೆ ಕಠಿಣ. ಲೆನ್ಸಿನ ಅರ್ಧಕ್ಕೆ ಮಾಸ್ಕ್ ಮುಚ್ಚಿ ಒಂದು ಪಾತ್ರವನ್ನು ಚಿತ್ರೀಕರಿಸಬೇಕು, ಫಿಲ್ಮನ್ನು ಹಿಂದಕ್ಕೆ ಸುತ್ತಬೇಕು, ಉಳಿದರ್ಧದಲ್ಲಿ ಇನ್ನೊಂದು ಪಾತ್ರವನ್ನು ತೆಗೆಯಬೇಕು. ನಡುವೆ ಕ್ಯಾಮೆರಾ ಕೂದಲೆಳೆಯಷ್ಟು ಅಲುಗಿದರೂ, ಬೆಳಕು ತುಸು ಬದಲಾದರೂ ನಡುವೆ ಗೆರೆ ಮೂಡುತ್ತದೆ. ಅದು ಗೊತ್ತಾಗುವುದು ಲ್ಯಾಬಿನಲ್ಲಿ ಫಿಲ್ಮ್ ತೊಳೆದ ಮೇಲೆ. ಆಗ ಉಳಿಯುವ ಪರಿಹಾರ ಒಂದೇ, ಮತ್ತೆ ಚಿತ್ರೀಕರಿಸುವುದು. ಆದ್ದರಿಂದ ಅವರು ತಪ್ಪನ್ನು ತಿದ್ದುವುದಕ್ಕಿಂತ ತಪ್ಪು ಆಗದಂತೆ ನೋಡಿಕೊಳ್ಳುವುದರಲ್ಲಿ ನಿಪುಣರಾದರು.

ಕಂಪ್ಯೂಟರ್ ಈ ಭಯವನ್ನು ತೆಗೆದು ಹೊಸ ಗೊಂದಲವನ್ನು ತಂದಿತು. 1977ರ ಸುಮಾರಿಗೆ ನ್ಯೂಯಾರ್ಕಿನಲ್ಲಿ ಎಡ್ ಕ್ಯಾಟ್‌ಮಲ್ ಮತ್ತು ಆಲ್ವಿ ರೇ ಸ್ಮಿತ್, ಕೆಂಪು, ಹಸಿರು, ನೀಲಿಗಳ ಜೊತೆ ನಾಲ್ಕನೆಯದಾಗಿ ‘ಆಲ್ಫಾ’ ಎಂಬ ಅಂಕಿಯನ್ನು ಪ್ರತಿ ಪಿಕ್ಸೆಲ್‌ಗೂ ಸೇರಿಸಿದರು. ಆ ಪಿಕ್ಸೆಲ್ ಎಷ್ಟು ಪಾರದರ್ಶಕ ಎಂಬುದನ್ನು ಅದು ಹೇಳುತ್ತದೆ. 1984ರಲ್ಲಿ ಥಾಮಸ್ ಪೋರ್ಟರ್ ಮತ್ತು ಟಾಮ್ ಡಫ್, ಬಣ್ಣವನ್ನು ಆಲ್ಫಾದಿಂದ ಮೊದಲೇ ಗುಣಿಸಿಟ್ಟರೆ ಬೆಸೆಯುವ ಲೆಕ್ಕ ಸುಲಭವಾಗುತ್ತದೆಂದು ತೋರಿಸಿದರು. ಮುಂಗುರುಳಿನ ಕಪ್ಪು ಗೆರೆಗೆ ಒಂದು ಮುಖ್ಯ ಕಾರಣ ಇಲ್ಲೇ ಇದೆ. ಕೂದಲಿನ ಅಂಚಿನ ಪಿಕ್ಸೆಲ್‌ನ ಬಣ್ಣ 1, ಆಲ್ಫಾ 0.5 ಇದ್ದರೆ ಗುಣಿಸಿದಾಗ 0.5 ಆಗಬೇಕು. ಆದಾಗಲೇ ಗುಣಿಸಿಟ್ಟ ಚಿತ್ರವನ್ನು ತಂತ್ರಾಂಶ ಮತ್ತೊಮ್ಮೆ ಗುಣಿಸಿದರೆ ಅದು 0.25ಕ್ಕೆ ಇಳಿಯುತ್ತದೆ. ನಡುಭಾಗ ಸರಿಯಾಗಿಯೇ ಇರುತ್ತದೆ, ಅಂಚು ಮಾತ್ರ ಕಪ್ಪಾಗುತ್ತದೆ. ಬಣ್ಣ ತಿದ್ದುವ ಮೊದಲು ಆಲ್ಫಾದಿಂದ ಭಾಗಿಸು, ತಿದ್ದಿದ ಮೇಲೆ ಮತ್ತೆ ಗುಣಿಸು ಎಂಬುದು ಇಂದಿಗೂ ಈ ಕಸುಬಿನ ಮೊದಲ ಪಾಠ. ತಂತ್ರಾಂಶ ಕೆಟ್ಟಿರುವುದಿಲ್ಲ. ಒಬ್ಬರು ಮಾಡಿದ್ದನ್ನು ಇನ್ನೊಬ್ಬರಿಗೆ ಹೇಳಿರುವುದಿಲ್ಲ, ಅಷ್ಟೆ.

ಹೈದರಾಬಾದ್‌ಗೆ ಈ ಪಾಠ ದೊಡ್ಡ ಪ್ರಮಾಣದಲ್ಲಿ ಬೇಕಾದದ್ದು ಎಸ್.ಎಸ್. ರಾಜಮೌಳಿಯವರ ಚಿತ್ರಗಳ ಕಾಲದಲ್ಲಿ. 2012ರ ‘ಈಗ’ದ ನಾಯಕ ಒಂದು ನೊಣ. ಕಂಪ್ಯೂಟರಿನಲ್ಲಿ ಮೊದಲು ಮೂಡಿದ ನೊಣ ನಿರ್ದೇಶಕರಿಗೆ ಒಪ್ಪಿಗೆಯಾಗಲಿಲ್ಲ. ತಂಡ ಹಿಂದಕ್ಕೆ, ನಿಜವಾದ ನೊಣದ ಬಳಿಗೇ ಹೋಯಿತು. ನೊಣವನ್ನು ಬಾಟಲಿಯಲ್ಲಿ ಹಿಡಿದು, ತಂಪಿನಲ್ಲಿಟ್ಟು ಪ್ರಜ್ಞೆ ತಪ್ಪಿಸಿ, ಹತ್ತಿರದಿಂದ ಫೋಟೋ ತೆಗೆದರು. ಮುಖದ ಬಹುಭಾಗ ಕಣ್ಣೇ ಆಗಿರುವ ಜೀವಿಗೆ ಭಾವವನ್ನು ಮೈಯ ಚಲನೆಯಲ್ಲೇ ಕೊಡಬೇಕಿತ್ತು. ಆ ಕೆಲಸಕ್ಕೆ ಹೈದರಾಬಾದ್‌ನ ಮಕುಟ ಸಂಸ್ಥೆ ರಾಷ್ಟ್ರಪ್ರಶಸ್ತಿ ಪಡೆಯಿತು.

2015ರ ‘ಬಾಹುಬಲಿ’ಯಲ್ಲಿ ತೊಂದರೆಯ ಸ್ವರೂಪವೇ ಬೇರೆ. ಶಾಟ್‌ಗಳು ಹಲವು ಸ್ಟುಡಿಯೋಗಳಿಗೆ ಹಂಚಿಹೋಗಿದ್ದವು. ಕ್ಯಾಮೆರಾ ಬೆಳಕನ್ನು ತನ್ನದೇ ಒತ್ತಡದ ಲೆಕ್ಕದಲ್ಲಿ ಬರೆದಿಡುತ್ತದೆ, ಕಂಪ್ಯೂಟರಿನಲ್ಲಿ ಕಟ್ಟಿದ ಅರಮನೆ ಇನ್ನೊಂದು ಲೆಕ್ಕದಲ್ಲಿರುತ್ತದೆ, ಮಾನಿಟರ್ ಮೂರನೆಯ ಲೆಕ್ಕದಲ್ಲಿ ತೋರಿಸುತ್ತದೆ. ಒಬ್ಬರ ಕೋಣೆಯಲ್ಲಿ ಹೊಂದಿಕೊಂಡ ಜಲಪಾತ ಇನ್ನೊಬ್ಬರ ಕೋಣೆಯಲ್ಲಿ ಬಿಳಿಚಿಕೊಳ್ಳುವುದು ಹೀಗೆ. ಪ್ರತಿ ಶಾಟನ್ನೂ ಕಣ್ಣಳತೆಯಲ್ಲಿ ತಿದ್ದುತ್ತ ಕೂತರೆ ಮುಗಿಯದ ಕೆಲಸ ಅದು. ಅನ್ನಪೂರ್ಣ ಸ್ಟುಡಿಯೋದಲ್ಲಿ ಬಣ್ಣದ ಕೆಲಸ ನೋಡಿಕೊಂಡ ತಂಡ, ಅಮೆರಿಕದ ಆಸ್ಕರ್ ಅಕಾಡೆಮಿ ರೂಪಿಸಿದ್ದ ‘ಏಸಸ್’ ಎಂಬ ಬಣ್ಣದ ವ್ಯವಸ್ಥೆಯನ್ನು ಬಳಸಿತು. ಅದರ ಮೊದಲ ಪೂರ್ಣ ಆವೃತ್ತಿ ಹೊರಬಂದದ್ದು 2014ರ ಕೊನೆಯಲ್ಲಿ. ಚಿತ್ರ ಎಲ್ಲಿಂದಲೇ ಬರಲಿ, ಬಾಗಿಲಲ್ಲೇ ಒಂದು ಸಾಮಾನ್ಯ ಲೆಕ್ಕಕ್ಕೆ ಬದಲಾಗಬೇಕು; ತೆರೆಗೆ ಹೋಗುವಾಗ ಒಂದೇ ರೀತಿಯಲ್ಲಿ ಹೊರಬೀಳಬೇಕು. ಆ ಸ್ಟುಡಿಯೋ ಕಟ್ಟಿಸಿದವರು ‘ಮಾಯಾಬಜಾರ್’ನ ಅಭಿಮನ್ಯು ಅಕ್ಕಿನೇನಿ ನಾಗೇಶ್ವರ ರಾವ್. ಒಬ್ಬ ಛಾಯಾಗ್ರಾಹಕ ತನ್ನ ಮನಸ್ಸಿನಲ್ಲಿಟ್ಟುಕೊಳ್ಳುತ್ತಿದ್ದ ಶಿಸ್ತು ಈಗ ನೂರಾರು ಜನರ ನಡುವಿನ ಒಪ್ಪಂದವಾಗಬೇಕಾಯಿತು.

ಮರುವರ್ಷ ಈ ವಿದ್ಯೆ ಕನ್ನಡಿಗರ ಅತ್ಯಂತ ಮೃದುವಾದ ಜಾಗಕ್ಕೆ ಬಂದು ತಟ್ಟಿತು. 1972ರ ‘ನಾಗರಹಾವು’ ಮೂಲಕ ಮನೆಮಾತಾದ ವಿಷ್ಣುವರ್ಧನ್ 2009ರ ಡಿಸೆಂಬರ್ 30ರಂದು ತೀರಿಕೊಂಡಿದ್ದರು. 2016ರ ಅಕ್ಟೋಬರ್‌ನಲ್ಲಿ ತೆರೆಕಂಡ, ಕೋಡಿ ರಾಮಕೃಷ್ಣ ನಿರ್ದೇಶನದ ಅದೇ ಹೆಸರಿನ ಚಿತ್ರದಲ್ಲಿ ಅವರು ಮತ್ತೆ ಕಾಣಿಸಿಕೊಂಡರು. ಮೈ ಇನ್ನೊಬ್ಬರದು, ಮುಖ ಕಂಪ್ಯೂಟರಿನದು. ಗ್ರಾಫಿಕ್ಸ್ ಮಕುಟದ್ದು. ಇಂಥ ಶಾಟಿನಲ್ಲಿ ಬೆಸುಗೆ ಬೀಳುವುದು ಕೊರಳಿನ ಬಳಿ. ಅಲ್ಲಿ ಗೆರೆ ಕಂಡರೆ ಅದು ಬರೀ ತಾಂತ್ರಿಕ ದೋಷವಲ್ಲ. ಮೂವತ್ತೇಳು ವರ್ಷ ಆ ಮುಖವನ್ನು ನೋಡಿಕೊಂಡು ಬಂದವರಿಗೆ, ಕಣ್ಣಿನ ಹೊಳಪು ತುಸು ಹೆಚ್ಚುಕಡಿಮೆಯಾದರೂ ಇವರು ಅವರಲ್ಲ ಎಂದು ತಿಳಿದುಹೋಗುತ್ತದೆ. ಅಂಚನ್ನು ಲೆಕ್ಕದಿಂದ ಸರಿಪಡಿಸಬಹುದು. ಪ್ರೇಕ್ಷಕನ ನೆನಪಿಗೆ ಹೊಂದುವಂತೆ ಮಾಡುವ ಬಟನ್ ಯಾವ ತಂತ್ರಾಂಶದಲ್ಲೂ ಇಲ್ಲ.

ಇನ್ನೊಂದು ದೋಷವೂ ಇದೇ ಊರನ್ನು ಮುಟ್ಟಿಹೋಗಿದೆ. ಅಮೆರಿಕದ ರಿದಮ್ ಆ್ಯಂಡ್ ಹ್ಯೂಸ್ ಸಂಸ್ಥೆಗೆ ಮುಂಬೈ, ಹೈದರಾಬಾದ್‌ಗಳಲ್ಲೂ ಶಾಖೆಗಳಿದ್ದವು. 2013ರ ಫೆಬ್ರುವರಿಯಲ್ಲಿ ಅದು ದಿವಾಳಿ ರಕ್ಷಣೆ ಕೋರಿತು. ಅದೇ ತಿಂಗಳ 24ರಂದು ‘ಲೈಫ್ ಆಫ್ ಪೈ’ನ ದೃಶ್ಯ ಪರಿಣಾಮಗಳಿಗೆ ಆಸ್ಕರ್ ಬಂತು. ವೇದಿಕೆಯ ಮೇಲೆ ಬಿಲ್ ವೆಸ್ಟೆನ್‌ಹೋಫರ್ ಸಂಸ್ಥೆಯ ಸಂಕಷ್ಟದ ಮಾತೆತ್ತುವಷ್ಟರಲ್ಲಿ ವಾದ್ಯ ಮೊಳಗಿ ಅವರ ದನಿ ನಿಂತಿತು. ಹೊರಗೆ ನೂರಾರು ಕಲಾವಿದರು ಪ್ರತಿಭಟಿಸುತ್ತಿದ್ದರು. ಅವರ ದೂರಿನ ತಿರುಳು ಇದು: ಕೆಲಸಕ್ಕೆ ಮೊದಲೇ ದರ ನಿಗದಿಯಾಗುತ್ತದೆ, ಆಮೇಲೆ ಎಷ್ಟು ಸಲ ತಿದ್ದಬೇಕೆಂಬುದಕ್ಕೆ ಮಿತಿಯಿರುವುದಿಲ್ಲ. ತೊಂದರೆ ಕಾಣುವುದು ರಾತ್ರಿಯೆಲ್ಲ ಎದ್ದಿರುವ ಕಲಾವಿದನ ಮೇಜಿನ ಮೇಲೆ, ಹುಟ್ಟಿದ್ದು ಒಪ್ಪಂದದ ಹಾಳೆಯಲ್ಲಿ.

ಈ ಕೆಲಸ ಚೆನ್ನಾಗಿ ಆಯಿತೆಂದರೆ ಯಾರ ಕಣ್ಣಿಗೂ ಬೀಳುವುದಿಲ್ಲ. ಮಾಡಿದವರೂ ಹಾಗೆಯೇ ಕಾಣದಂತಾಗುತ್ತಾರೆ. ಗೆರೆ ಕಂಡಾಗ ಅಂಚನ್ನು ಕತ್ತರಿಸದೆ ಅದು ಬಂದ ದಾರಿಯನ್ನು ಹುಡುಕುವ ಅಭ್ಯಾಸವನ್ನು ಕಂಪ್ಯೂಟರಿನ ಮುಂದೆ ಕೂತವರು ಕಲಿತಿದ್ದಾರೆ. ಅವರಿಗೆ ಕೆಲಸ ಕೊಡುವವರು ಅದನ್ನು ಇನ್ನೂ ಕಲಿಯಬೇಕಿದೆ.