ಸೆಟ್ಟಿಗಿಂತ ಸರಿಗೆ ದೊಡ್ಡದು: ಹವ್ಯಾಸಿ ರೇಡಿಯೊದವರ ಸಲಕರಣೆಯ ಚರಿತ್ರೆ

ರೇಡಿಯೊ ಅಂದರೆ ನಮ್ಮ ಕಾಸರಗೋಡಿನ ಹಿರಿಯರಿಗೆ ನೆನಪಾಗುವುದು ಚಾವಡಿಯ ಮರದ ಪೆಟ್ಟಿಗೆ, ಅಂಗಳದಾಚೆ ಎರಡು ಕಂಗುಗಳ ನಡುವೆ ಎಳೆದು ಕಟ್ಟಿದ ಸರಿಗೆ, ಮತ್ತೆ ವರ್ಷಕ್ಕೊಮ್ಮೆ ಪೋಸ್ಟಾಫೀಸಿಗೆ ಹೋಗಿ ಕಟ್ಟುತ್ತಿದ್ದ ಲೈಸೆನ್ಸಿನ ದುಡ್ಡು. 1956ರಲ್ಲಿ ನಮ್ಮ ತಾಲೂಕು ಕೇರಳಕ್ಕೆ ಸೇರಿತು. ಆಫೀಸಿನ ಕಾಗದ, ಬಸ್ಸಿನ ಬೋರ್ಡು ಬದಲಾದವು. ಆದರೆ ಆಕಾಶವಾಣಿಯ ಕನ್ನಡ ಆ ಸರಿಗೆಯ ಮೇಲೆ ಬಂದಿಳಿಯುವುದಕ್ಕೆ ಯಾರ ಅಪ್ಪಣೆಯೂ ಬೇಕಾಗಲಿಲ್ಲ.

ಅದು ಕೇಳುವ ರೇಡಿಯೊದ ಕಥೆ. ಮಾತಾಡುವ ರೇಡಿಯೊ ಅಂತ ಇನ್ನೊಂದು ಉಂಟು. ಸರಕಾರದ ಪರೀಕ್ಷೆ ಬರೆದು, ಲೈಸೆನ್ಸು ಪಡೆದು, ಸಂಬಳ ಲಾಭ ಏನೂ ಇಲ್ಲದೆ ಮನೆಯಿಂದಲೇ ಬೇರೆ ಊರಿನವರೊಂದಿಗೆ, ಬೇರೆ ದೇಶದವರೊಂದಿಗೆ ಮಾತಾಡುವವರ ರೇಡಿಯೊ. ಇವರನ್ನು ಹವ್ಯಾಸಿಗಳು, ಆಡುಮಾತಿನಲ್ಲಿ ಹ್ಯಾಮ್‌ಗಳು ಅನ್ನುತ್ತಾರೆ. 12 ವರ್ಷ ತುಂಬಿದ ಮಕ್ಕಳೂ ಈ ಪರೀಕ್ಷೆಗೆ ಕೂತುಕೊಳ್ಳಬಹುದು. ಹಾಗಾಗಿ ಶಾಲೆಯ ಮಾಸ್ಟ್ರುಗಳು ಮೊದಲು ಕೇಳುವ ಪ್ರಶ್ನೆ ಒಂದೇ: “ಯಾವ ಸೆಟ್ ತೆಗೊಳ್ಳುವುದು? ಎಷ್ಟು ದುಡ್ಡು ಬೇಕು?” ಅಂಗಡಿಯವ ಇದಕ್ಕೆ ಒಂದು ಉತ್ತರ ಕೊಡುತ್ತಾನೆ, ಚರಿತ್ರೆ ಬೇರೆಯದೇ ಉತ್ತರ ಕೊಡುತ್ತದೆ. ಚರಿತ್ರೆಯದ್ದು ಅಗ್ಗದ್ದೂ ಹೌದು, ಹೆಚ್ಚು ಬಾಳಿಕೆ ಬರುವಂಥದ್ದೂ ಹೌದು.

ಗಾಳಿಪಟಕ್ಕೆ ಕಟ್ಟಿದ ತಂತಿ

1901ರ ಡಿಸೆಂಬರ್ 12ರಂದು ಮಾರ್ಕೊನಿ ಕೆನಡಾ ಪಕ್ಕದ ನ್ಯೂಫೌಂಡ್‌ಲ್ಯಾಂಡಿನ ಗುಡ್ಡವೊಂದರ ಮೇಲೆ ಕೂತು, ಅಟ್ಲಾಂಟಿಕ್ ಸಮುದ್ರದಾಚೆ ಇಂಗ್ಲೆಂಡಿನಿಂದ ಬಂದ ಮೂರು ಚುಕ್ಕೆಯ ಸದ್ದನ್ನು ಕೇಳಿದೆ ಅಂದ. ಅಲ್ಲಿ ಅವನ ಏರಿಯಲ್ ಯಾವುದು? ಗಾಳಿಪಟಕ್ಕೆ ಕಟ್ಟಿ ಸುಮಾರು 500 ಅಡಿ ಮೇಲಕ್ಕೆ ಬಿಟ್ಟ ಒಂದು ತಂತಿ. ಕೆಳಗಿದ್ದ ಯಂತ್ರವನ್ನು ಇವತ್ತಿನ ಮಕ್ಕಳು ನೋಡಿದರೆ ನಗಬಹುದು. ಆದರೆ ತಂತಿ ಎತ್ತರದಲ್ಲಿತ್ತು.

ಅದೇ ಕಾಲದಲ್ಲಿ ಕಲ್ಕತ್ತೆಯಲ್ಲಿ ಜಗದೀಶಚಂದ್ರ ಬೋಸರು ಗೆಲೀನಾ ಎಂಬ ಸೀಸದ ಅದಿರಿನ ಹರಳಿನಿಂದ ಅಲೆಯನ್ನು ಪತ್ತೆಹಚ್ಚುವ ಸಾಧನ ಮಾಡಿದ್ದರು. 1904ರಲ್ಲಿ ಅದಕ್ಕೆ ಅಮೆರಿಕದ ಪೇಟೆಂಟ್ ಸಿಕ್ಕಿತು. ಮುಂದೆ ಬ್ಯಾಟರಿಯೂ ಬೇಡದ, ಕಿವಿಗೆ ಹೆಡ್‌ಫೋನ್ ಸಿಕ್ಕಿಸಿ ಕೇಳುವ ಹರಳಿನ ರೇಡಿಯೊ ಮನೆಮನೆಗೆ ಬಂದದ್ದು ಇಂಥ ಹರಳಿನಿಂದಲೇ. ಆ ರೇಡಿಯೊಕ್ಕೆ ತನ್ನದೆಂಬ ಶಕ್ತಿ ಇಲ್ಲ. ತಂತಿ ಎಷ್ಟು ಹಿಡಿದು ತಂದಿತೋ ಅಷ್ಟೇ ಅದರ ಊಟ.

ಬಿಸಾಡಿದ ಜಾಗದಲ್ಲಿ ಸಿಕ್ಕಿದ ನಿಧಿ

1912ರಲ್ಲಿ ಅಮೆರಿಕದ ಸರಕಾರ ಹವ್ಯಾಸಿಗಳಿಗೆ ಕಾನೂನು ಮಾಡಿ, 200 ಮೀಟರ್ ಮತ್ತು ಅದಕ್ಕಿಂತ ಕಿರಿದಾದ ಅಲೆಗಳಿಗೆ ಅವರನ್ನು ದೂಡಿತು. ಆ ಕಿರಿಯ ಅಲೆಗಳು ದೂರ ಹೋಗುವುದಿಲ್ಲ, ಯಾವ ಕೆಲಸಕ್ಕೂ ಬಾರದವು ಎಂದು ದೊಡ್ಡ ದೊಡ್ಡ ಎಂಜಿನಿಯರುಗಳು ನಂಬಿದ್ದ ಕಾಲ ಅದು. ಬೆಳೆಯುವ ಗದ್ದೆಯನ್ನೆಲ್ಲ ದೊಡ್ಡವರು ಇಟ್ಟುಕೊಂಡು, ಪಾರೆಕಲ್ಲಿನ ಜಾಗವನ್ನು ಬಡವನಿಗೆ ಬಿಟ್ಟ ಹಾಗೆ.

ಆದರೆ 1921ರ ಡಿಸೆಂಬರಿನಲ್ಲಿ ಪಾಲ್ ಗಾಡ್ಲಿ ಎಂಬ ಅಮೆರಿಕನ್ ಹವ್ಯಾಸಿ ಸ್ಕಾಟ್ಲೆಂಡಿನ ಕಡಲತಡಿಯಲ್ಲಿ ಚಳಿ ಮಳೆಗೆ ಟೆಂಟು ಹಾಕಿ ಕೂತ. ಸಾವಿರ ಅಡಿಗೂ ಉದ್ದದ ತಂತಿಯನ್ನು ಗಿಡ್ಡ ಕಂಬಗಳ ಮೇಲೆ ಅಮೆರಿಕದ ದಿಕ್ಕಿಗೆ ಎಳೆದು ಕಟ್ಟಿದ. ಆಚೆ ದಡದ ಹವ್ಯಾಸಿಗಳ ಸಿಗ್ನಲುಗಳು ಒಂದರ ಹಿಂದೆ ಒಂದು ಕೇಳಿಬಂದವು. 1923ರ ನವೆಂಬರಿನಲ್ಲಿ ಅಮೆರಿಕದ ಮತ್ತು ಫ್ರಾನ್ಸಿನ ಹವ್ಯಾಸಿಗಳು ಸುಮಾರು 110 ಮೀಟರ್ ಅಲೆಯಲ್ಲಿ ಪರಸ್ಪರ ಮಾತಾಡಿಯೇ ಬಿಟ್ಟರು. ಕಿರಿಯ ಅಲೆ ಆಕಾಶದ ಮೇಲಿನ ವಿದ್ಯುತ್ ಪದರಕ್ಕೆ ಬಡಿದು ಬಾಗಿ ಮರಳಿ ಭೂಮಿಗೆ ಇಳಿಯುತ್ತದೆ. ಹೀಗಾಗಿ ಅದು ಸಮುದ್ರವನ್ನೇ ದಾಟಬಲ್ಲದು. ಆಮೇಲೆ ಜಗತ್ತಿನ ಶಾರ್ಟ್‌ವೇವ್ ಕೇಂದ್ರಗಳೆಲ್ಲ ಆ ಪಾರೆಕಲ್ಲಿನ ಜಾಗಕ್ಕೇ ಓಡಿ ಬಂದವು.

ಮೈಸೂರಿನ ಮೂವತ್ತು ವಾಟು

ನಮ್ಮ ದೇಶದಲ್ಲಿ 1921ರಲ್ಲಿ ಅಮರೇಂದ್ರಚಂದ್ರ ಗುಪ್ತು ಮೊದಲ ಹವ್ಯಾಸಿಯಾದರು, ಅದೇ ವರ್ಷ ಮುಕುಲ್ ಬೋಸ್ ಎರಡನೆಯವರು. ಕನ್ನಡನಾಡಿನಲ್ಲಿ ಈ ಹಂಬಲ ಬೇರೆ ರೂಪ ತಾಳಿತು. ಮೈಸೂರಿನ ಮಹಾರಾಜಾ ಕಾಲೇಜಿನಲ್ಲಿ ಮನಶ್ಶಾಸ್ತ್ರ ಕಲಿಸುತ್ತಿದ್ದ ಪ್ರೊ. ಎಂ.ವಿ. ಗೋಪಾಲಸ್ವಾಮಿಯವರು 1935ರ ಸೆಪ್ಟೆಂಬರ್ 10ರಂದು ತಮ್ಮ ಮನೆ ‘ವಿಠ್ಠಲ ವಿಹಾರ’ದಿಂದ 30 ವಾಟಿನ ಪುಟ್ಟ ಟ್ರಾನ್ಸ್‌ಮಿಟರಿನಲ್ಲಿ ಪ್ರಸಾರ ಶುರು ಮಾಡಿದರು. ‘ಆಕಾಶವಾಣಿ’ ಎಂಬ ಹೆಸರು ಚಲಾವಣೆಗೆ ಬಂದದ್ದು ಅಲ್ಲಿಂದ. 1942ರಲ್ಲಿ ಮೈಸೂರು ಸಂಸ್ಥಾನ ಅದನ್ನು ವಹಿಸಿಕೊಂಡಿತು.

30 ವಾಟು ಅಂದರೆ ಎಷ್ಟು? ನಮ್ಮ ಜಗಲಿಯ ಹಳೆ ಕಾಲದ ಬಲ್ಬು 40 ವಾಟಿನದ್ದು. ಒಂದು ಬಲ್ಬಿಗಿಂತ ಕಡಿಮೆ ಶಕ್ತಿಯಲ್ಲಿ ಒಂದು ಊರಿಗೇ ಕನ್ನಡ ಕೇಳಿಸಿತು. ಆ ಪ್ರೊಫೆಸರು “ದೊಡ್ಡ ಯಂತ್ರ ಬರಲಿ, ಆಮೇಲೆ ಸುರು ಮಾಡುವ” ಅಂತ ಕೂತಿದ್ದರೆ, ದೇಶದ ರೇಡಿಯೊಕ್ಕೆ ಆ ಹೆಸರು ಬರುತ್ತಿತ್ತೋ ಇಲ್ಲವೋ.

ಹೊತ್ತುಕೊಂಡು ಓಡುವ ಸೆಟ್ಟು

1939ರಲ್ಲಿ ಯುದ್ಧ ಸುರುವಾದ ಕೂಡಲೇ ಬ್ರಿಟಿಷ್ ಸರಕಾರ ಹವ್ಯಾಸಿಗಳ ಲೈಸೆನ್ಸನ್ನೆಲ್ಲ ರದ್ದು ಮಾಡಿ, ಸಲಕರಣೆ ತಂದೊಪ್ಪಿಸಿ ಎಂದಿತು. ಮಾತಾಡುವ ಯಂತ್ರ ಜನರ ಕೈಯಲ್ಲಿದ್ದರೆ ಏನಾಗಬಹುದು ಅಂತ ಅವರಿಗೆ ಗೊತ್ತಿತ್ತು.

ಹಾಗೆ ಆಯಿತು ಕೂಡ. 1942ರ ಆಗಸ್ಟಿನಲ್ಲಿ ನಾಯಕರೆಲ್ಲ ಜೈಲು ಸೇರಿ, ಪತ್ರಿಕೆಗಳ ಬಾಯಿ ಕಟ್ಟಿದಾಗ, ಬೊಂಬಾಯಿಯಲ್ಲಿ ಉಷಾ ಮೆಹ್ತಾ ಎಂಬ 22 ವರ್ಷದ ಹುಡುಗಿ ಮತ್ತು ಜೊತೆಗಾರರು ಗುಪ್ತ ಕಾಂಗ್ರೆಸ್ ರೇಡಿಯೊ ನಡೆಸಿದರು. ಯಂತ್ರ ಕಟ್ಟಿಕೊಟ್ಟವರು ನಾರಿಮನ್ ಪ್ರಿಂಟರ್ ಎಂಬ ಹವ್ಯಾಸಿ. ಅವರ ಅಲೆ 42.34 ಮೀಟರ್. ಇಲ್ಲಿ ಶಾಲೆಯ ಮಕ್ಕಳು ಒಂದು ಲೆಕ್ಕ ಮಾಡಬಹುದು: 300ನ್ನು 42.34ರಿಂದ ಭಾಗಿಸಿದರೆ ಸುಮಾರು 7.09 ಮೆಗಾಹರ್ಟ್ಸ್. ಇವತ್ತಿಗೂ ಹವ್ಯಾಸಿಗಳು ಹೆಚ್ಚು ಮಾತಾಡುವ 40 ಮೀಟರ್ ಪಟ್ಟಿಯ ಒಳಗೇ ಬರುತ್ತದೆ ಅದು. ಪೊಲೀಸರು ದಿಕ್ಕು ಹಿಡಿಯುವ ಯಂತ್ರ ಹೊತ್ತು ಊರೆಲ್ಲ ಹುಡುಕುವಾಗ ಇವರು ಸೆಟ್ಟನ್ನು ಮನೆಯಿಂದ ಮನೆಗೆ ಸಾಗಿಸುತ್ತಿದ್ದರು. ನವೆಂಬರ್ 12ರಂದು ಸಿಕ್ಕಿಬಿದ್ದರು. ಉಷಾ ಅವರಿಗೆ ನಾಲ್ಕು ವರ್ಷದ ಸಜೆಯಾಯಿತು. ಅಷ್ಟು ದಿನವಾದರೂ ನಡೆದದ್ದು ಯಂತ್ರ ಹೊರಲಿಕ್ಕೆ ಆಗುವಷ್ಟು ಚಿಕ್ಕದಿದ್ದ ಕಾರಣದಿಂದ.

ಇನ್ನೊಂದು ನಮ್ಮ ಹಾಗೆ ಗಡಿಯಲ್ಲಿ ನಡೆದ ಕಥೆ. 1954ರಲ್ಲಿ ದಾದ್ರಾ ಮತ್ತು ನಗರ್ ಹವೇಲಿಯಿಂದ ಪೋರ್ಚುಗೀಸರನ್ನು ಓಡಿಸಿದಾಗ ಅವರ ವೈರ್‌ಲೆಸ್ ಸೆಟ್ಟುಗಳು ಸಿಕ್ಕಿದವು. ಅದನ್ನೇ ರಿಪೇರಿ ಮಾಡಿ ಪ್ರಸಾರದ ಯಂತ್ರವಾಗಿಸಿ, ವಾಮನ ಸರ್ದೇಸಾಯಿ ಮತ್ತು ಲಿಬಿಯಾ ಲೋಬೊ 1955ರ ನವೆಂಬರ್ 25ರಿಂದ ಗೋವೆಗೆ ಕೊಂಕಣಿಯಲ್ಲೂ ಪೋರ್ಚುಗೀಸಿನಲ್ಲೂ ಸ್ವಾತಂತ್ರ್ಯದ ಸುದ್ದಿ ಬಿತ್ತರಿಸಿದರು. ಮೊದಲು ಅಂಬೋಲಿಯ ಕಾಡಿನಿಂದ, ಮತ್ತೆ ಉತ್ತರ ಕನ್ನಡದ ಕ್ಯಾಸಲ್‌ರಾಕಿನಿಂದ. ಜಿಗಣೆ, ಮಳೆ, ಕಾಡುಪ್ರಾಣಿಗಳ ನಡುವೆ ಆರು ವರ್ಷ. 1961ರ ಡಿಸೆಂಬರಿನಲ್ಲಿ ಗೋವೆ ಬಿಡುಗಡೆಯಾದಾಗ ಅವರಿಬ್ಬರೂ ವಿಮಾನದಲ್ಲಿ ಪಣಜಿಯ ಮೇಲೆ ಹಾರಿ ಧ್ವನಿವರ್ಧಕದಲ್ಲಿ ಆ ಸುದ್ದಿ ಸಾರಿದರು. ಆ ಯಂತ್ರ ಯಾರೂ ಅಂಗಡಿಯಲ್ಲಿ ಆರಿಸಿ ತಂದದ್ದಲ್ಲ. ಸಿಕ್ಕಿದ್ದನ್ನು ತಮ್ಮ ಕೆಲಸಕ್ಕೆ ತಿರುಗಿಸಿಕೊಂಡರು, ಅಷ್ಟೆ.

ಸ್ವಾತಂತ್ರ್ಯದ ನಂತರವೂ ನಮ್ಮ ಹವ್ಯಾಸಿಗಳು ಬಹುಕಾಲ ಹಾಗೆಯೇ ಬಾಳಿದರು. ಯುದ್ಧ ಮುಗಿದ ಮೇಲೆ ಮಿಲಿಟರಿಯವರು ಹರಾಜು ಹಾಕಿದ ಡಿಸ್ಪೋಸಲ್ ಮಾಲು, ಗುಜರಿಯಿಂದ ತಂದ ವಾಲ್ವು, ಹಳೆ ರೇಡಿಯೊದ ಟ್ರಾನ್ಸ್‌ಫಾರ್ಮರು. ಹೊರದೇಶದ ಸೆಟ್ಟಿಗೆ ಸುಂಕ ಸೇರಿದರೆ ಮೇಷ್ಟ್ರ ಸಂಬಳಕ್ಕೆ ಎಟುಕುವ ಮಾತಲ್ಲ. 1984ರಲ್ಲಿ ಹವ್ಯಾಸಿಗಳ ಸಲಕರಣೆಗೆ ಆಮದು ಸುಂಕ ಮನ್ನಾ ಆದ ನಂತರವೇ ಅಂಗಡಿಯ ಸೆಟ್ಟು ಸಾಮಾನ್ಯರ ಮೇಜಿಗೆ ಬರತೊಡಗಿತು.

ಎಲ್ಲವೂ ನಿಂತ ದಿನ

2004ರ ಡಿಸೆಂಬರಿನಲ್ಲಿ ಭಾರತಿ ಪ್ರಸಾದ್ ಎಂಬ ಹವ್ಯಾಸಿ ತಮ್ಮ ತಂಡದೊಂದಿಗೆ ಪೋರ್ಟ್ ಬ್ಲೇರಿಗೆ ಹೋಗಿ ಹೋಟೆಲೊಂದರಲ್ಲಿ ಸೆಟ್ಟು ಹೂಡಿದ್ದರು. ಬಹಳ ವರ್ಷ ಹವ್ಯಾಸಿಗಳ ದನಿಯೇ ಇಲ್ಲದ ಅಂಡಮಾನಿನಿಂದ ಜಗತ್ತಿನವರೊಂದಿಗೆ ಮಾತಾಡುವ ಖುಷಿಗೆ ಹೋದದ್ದು. 26ರಂದು ಸುನಾಮಿ ಬಂತು. ಟೆಲಿಫೋನು ನಿಂತಿತು. ಆ ಹೊತ್ತಿಗೆ ಮುಖ್ಯಭೂಮಿಗೆ ಸುದ್ದಿ ಮುಟ್ಟಿಸಲು, ಯಾರು ಬದುಕಿದ್ದಾರೆ ಎಂದು ಮನೆಯವರಿಗೆ ತಿಳಿಸಲು ಅವರ ಸೆಟ್ಟು ಹಗಲೂರಾತ್ರಿ ದುಡಿಯಿತು. 2018ರ ನಮ್ಮ ಕೇರಳದ ಮಹಾನೆರೆಯಲ್ಲೂ ಹವ್ಯಾಸಿಗಳು ಇಂಥದೇ ಕೆಲಸ ಮಾಡಿದರು. ಕರೆಂಟು ಹೋಗಿ ಮೊಬೈಲ್ ಟವರು ಮಲಗಿದರೆ ಉಳಿಯುವುದು ಒಂದು ಬ್ಯಾಟರಿ, ಒಂದು ಸೆಟ್ಟು, ಒಂದು ತಂತಿ.

ಹಾಗಾದರೆ ನಾವು ಏನು ತೆಗೊಳ್ಳುವುದು?

ಈ ಕಥೆಗಳನ್ನೆಲ್ಲ ಪಕ್ಕ ಪಕ್ಕ ಇಟ್ಟು ನೋಡಿದರೆ ಪಾಠ ತನ್ನಿಂದ ತಾನೇ ಕಾಣುತ್ತದೆ.

ಒಂದು, ವಾಟಿನ ಮೋಹ ಬೇಡ. ಸೆಟ್ಟಿನ ಸಿಗ್ನಲ್ ಮೀಟರಿನಲ್ಲಿ ಮುಳ್ಳು ಒಂದು ಮೆಟ್ಟಿಲು ಏರಬೇಕಾದರೆ ಶಕ್ತಿ 4 ಪಟ್ಟು ಆಗಬೇಕು. ಅಂದರೆ 25 ವಾಟಿಗೂ 100 ವಾಟಿಗೂ ಕೇಳುವವನ ಕಡೆ ವ್ಯತ್ಯಾಸ ಒಂದೇ ಮೆಟ್ಟಿಲು. ಆದರೆ 100 ವಾಟಿನ ಸೆಟ್ಟು ಮಾತಾಡುವಾಗ 12 ವೋಲ್ಟಿನ ಬ್ಯಾಟರಿಯಿಂದ ಸುಮಾರು 20 ಆಂಪಿಯರ್ ಎಳೆಯುತ್ತದೆ. ಎರಡು ದಿನ ಕರೆಂಟಿಲ್ಲದ ಮಳೆಗಾಲದಲ್ಲಿ ಯಾವುದು ಉಳಿದೀತು, ನೀವೇ ಹೇಳಿ.

ಎರಡು, ದುಡ್ಡು ಮೊದಲು ಏರಿಯಲಿಗೆ. 7.1 ಮೆಗಾಹರ್ಟ್ಸಿಗೆ ಬೇಕಾದ ಡೈಪೋಲ್ ಅಂದರೆ ಒಟ್ಟು 20 ಮೀಟರ್ ತಾಮ್ರದ ಸರಿಗೆ: ನಡುವಿನಿಂದ ಆಚೆ 10, ಈಚೆ 10. ಕಂಬ ಹಾಕಬೇಕಾಗಿಲ್ಲ, ನಮ್ಮಲ್ಲಿ ಕಂಗು ಉಂಟಲ್ಲ. ಎಂಟು ಹತ್ತು ಮೀಟರ್ ಎತ್ತರಕ್ಕೆ ಕಟ್ಟಿದರೆ ಹಗಲು ಹೊತ್ತು ಅಲೆ ಮೇಲಕ್ಕೆ ಹೋಗಿ ಮರಳಿ ಮುನ್ನೂರು ನಾನ್ನೂರು ಕಿಲೋಮೀಟರಿನ ಸುತ್ತಿನಲ್ಲಿ ಇಳಿಯುತ್ತದೆ. ಘಟ್ಟದಾಚೆಯ ಮೈಸೂರು, ವಯನಾಡು, ಬೆಂಗಳೂರು ಎಲ್ಲ ಅದರೊಳಗೆ. ಆದರೆ ಕಂಗು ಗಾಳಿಗೆ ಬಾಗುತ್ತದೆ. ಸರಿಗೆಯ ತುದಿಗೆ ನೈಲಾನ್ ಹಗ್ಗ ಕಟ್ಟಿ, ಒಂದು ಕಡೆ ರಾಟೆಯ ಮೇಲೆ ಹಾಯಿಸಿ ಕಲ್ಲು ನೇತುಹಾಕಿ. ಮರ ಆಡಿದ ಹಾಗೆ ಕಲ್ಲು ಏರಿಳಿಯುತ್ತದೆ, ಸರಿಗೆ ತುಂಡಾಗುವುದಿಲ್ಲ.

ಮೂರು, ಕೈಯಲ್ಲಿ ಹಿಡಿಯುವ ಚಿಕ್ಕ ವಾಕಿಟಾಕಿ ಅಗ್ಗಕ್ಕೆ ಸಿಗುತ್ತದೆ ಅಂತ ಅದರಿಂದಲೇ ಎಲ್ಲ ಆಗುತ್ತದೆ ಎಂದುಕೊಳ್ಳಬಾರದು. 145 ಮೆಗಾಹರ್ಟ್ಸಿನ ಅಲೆ ಹೆಚ್ಚುಕಡಿಮೆ ಕಣ್ಣಿನ ಹಾಗೆ, ಎದುರಿಗೆ ಕಂಡಷ್ಟೇ ಅದರ ದೂರ. ಬಯಲಿನಲ್ಲಿ ನಿಂತವನಿಗೆ ಕ್ಷಿತಿಜ ಸುಮಾರು 5 ಕಿಲೋಮೀಟರ್. ಪೊಸಡಿ ಗುಂಪೆಯಂಥ ಸಾವಿರ ಅಡಿಯ ಗುಡ್ಡ ಹತ್ತಿದರೆ 70 ಕಿಲೋಮೀಟರ್ ಮೀರುತ್ತದೆ. ಇಲ್ಲಿಯೂ ಗೆಲ್ಲುವುದು ಎತ್ತರವೇ.

ನಾಲ್ಕು, ಕೇಬಲಿನಲ್ಲಿ ಜಿಪುಣತನ ಮಾಡಿದರೆ ನಷ್ಟ. ಅದೇ 145 ಮೆಗಾಹರ್ಟ್ಸಿನಲ್ಲಿ ತೆಳ್ಳಗಿನ ಮಾಮೂಲಿ ಕೋಆಕ್ಸ್ 30 ಮೀಟರ್ ಎಳೆದರೆ ಸೆಟ್ಟಿನಿಂದ ಹೊರಟ ಶಕ್ತಿಯ ಕಾಲು ಭಾಗ ಮಾತ್ರ ಮೇಲೆ ಮುಟ್ಟುತ್ತದೆ. ಉಳಿದದ್ದು ತೂತಿನ ಪೈಪಿನ ನೀರು. ಕೆಳ ಅಲೆಗಳಲ್ಲಿ ಅಷ್ಟು ನಷ್ಟವಿಲ್ಲ. ಜೋಡಣೆಯ ಜಾಗಕ್ಕೆ ಮಳೆನೀರು ಇಳಿಯದ ಹಾಗೆ ಟೇಪು ಸುತ್ತಬೇಕು. ಏರಿಯಲ್ ಸರಿ ಹೊಂದಿದೆಯೋ ಎಂದು ತೋರಿಸುವ ಎಸ್‌ಡಬ್ಲ್ಯುಆರ್ ಮೀಟರ್ ಒಂದನ್ನು ನಾಲ್ಕು ಜನ ಸೇರಿ ಕೊಂಡರೂ ಸಾಕು.

ಐದನೆಯದ್ದು ನಮ್ಮ ಊರಿಗೆ ಎಲ್ಲಕ್ಕಿಂತ ಮುಖ್ಯ: ಸಿಡಿಲು. ತುಲಾ ತಿಂಗಳ ಸಂಜೆಯ ಗುಡುಗು ಏನೆಂದು ನಮಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಮಳೆ ಕಟ್ಟುವ ಮೊದಲೇ ಏರಿಯಲಿನ ಕೇಬಲನ್ನು ಸೆಟ್ಟಿನಿಂದ ಕಳಚಿ ಮನೆಯ ಹೊರಗೆ ಇಡಬೇಕು, ಕರೆಂಟಿನ ಪ್ಲಗ್ಗೂ ಕೀಳಬೇಕು. ಗುಡುಗು ಸುರುವಾದ ಮೇಲೆ ಕೇಬಲ್ ಮುಟ್ಟುವುದೇ ಬೇಡ. ಏರಿಯಲಿಗೆ ಒಳ್ಳೆಯ ಅರ್ತಿಂಗ್ ಬೇಕು. ಕರೆಂಟಿನ ಲೈನಿನ ಹತ್ತಿರ, ಅದರ ಮೇಲೆ, ಕೆಳಗೆ ಎಲ್ಲಿಯೂ ಸರಿಗೆ ಎಳೆಯಬಾರದು. ಮರ ಬಿದ್ದರೂ ಲೈನಿಗೆ ತಾಗದಷ್ಟು ದೂರ ಇರಲಿ.

ಲೈಸೆನ್ಸು ಇಲ್ಲದೆ ಮಾತಾಡುವುದು ಅಪರಾಧ, ಅದನ್ನು ಮಕ್ಕಳಿಗೆ ಮೊದಲ ದಿನವೇ ಹೇಳಬೇಕು. ಆದರೆ ಹವ್ಯಾಸಿಗಳ ಮಾತನ್ನು ಕೇಳಿ ಕಿವಿ ಪಳಗಿಸುವುದರಿಂದಲೇ ಕಲಿಕೆ ಸುರು. ಒಂದು ಹಳೆ ಶಾರ್ಟ್‌ವೇವ್ ರಿಸೀವರ್, 20 ಮೀಟರ್ ಸರಿಗೆ, ಒಂದು ನೋಟ್‌ಬುಕ್ಕು ಇದ್ದರೆ ಶಾಲೆಯ ಕ್ಲಬ್ಬಿಗೆ ಮೊದಲ ವರ್ಷಕ್ಕೆ ಸಾಕು. ಯಾವ ಹೊತ್ತಿಗೆ, ಯಾವ ಅಲೆಯಲ್ಲಿ, ಯಾವ ಊರು ಕೇಳಿತು ಅಂತ ಬರೆದಿಡಲಿ. ಸೂರ್ಯ ಮುಳುಗಿದ ಮೇಲೆ ದೂರದ ಊರುಗಳು ಹತ್ತಿರ ಬರುವುದನ್ನು ಅವರೇ ಕಂಡುಕೊಳ್ಳಲಿ. ಪರೀಕ್ಷೆ ಪಾಸಾಗಿ ಲೈಸೆನ್ಸು ಕೈಗೆ ಬರುವ ಹೊತ್ತಿಗೆ ಯಾವ ಸೆಟ್ಟು ಬೇಕು ಅಂತ ಮಾಸ್ಟ್ರು ಯಾರನ್ನೂ ಕೇಳಬೇಕಾಗಿ ಬರುವುದಿಲ್ಲ. ಆ ನೋಟ್‌ಬುಕ್ಕೇ ಹೇಳುತ್ತದೆ.