ಎತ್ತರದಿಂದ ಬಿದ್ದ ಕಾಸು

ದೇವನಹಳ್ಳಿ, ಹೊಸಕೋಟೆ ಕಡೆಯ ನಮ್ಮ ಕೇರಿಗಳಿಗೆ ಹಣ ಬಂದದ್ದೇ ತಡವಾಗಿ. ಮೊದಲು ದುಡಿಮೆಗೆ ರಾಗಿ ಅಳೆದು ಹಾಕುತ್ತಿದ್ದರು. ಕಾಸು ಕೊಡುವ ಕಾಲ ಬಂದಾಗಲೂ ಕೈ ತಾಕಬಾರದೆಂದು ಮೇಲಿಂದ ಬಿಟ್ಟರು. ನಾವು ಬೊಗಸೆ ಒಡ್ಡಿದೆವು.

1923ರಲ್ಲಿ ಬಾಬಾಸಾಹೇಬರು ರೂಪಾಯಿಯ ಸಮಸ್ಯೆ ಕುರಿತೇ ಗ್ರಂಥ ಬರೆದರು. 2016ರ ನವೆಂಬರ್ 8ರ ರಾತ್ರಿ 500, 1000ದ ನೋಟು ರದ್ದಾದವು. ಕೂಲಿಯವರು ಕೆಲಸ ಬಿಟ್ಟು ಬ್ಯಾಂಕಿನ ಮುಂದೆ ಸಾಲು ನಿಂತರು. ಅದೇ ಡಿಸೆಂಬರ್ 30ಕ್ಕೆ ಮೊಬೈಲಿನಲ್ಲಿ ಹಣ ಕಳಿಸುವ ಸರ್ಕಾರಿ ಆ್ಯಪ್ ಬಂತು. ಅದಕ್ಕಿಟ್ಟದ್ದು ಅವರದೇ ಹೆಸರು, ಭೀಮ್.

ಈಗ ದೊಡ್ಡಬಳ್ಳಾಪುರದ ಟೀ ಅಂಗಡೀಲೂ ಕ್ಯೂಆರ್ ಚೀಟಿ. ಕೈ ತಾಕುವ ಮಾತೇ ಇಲ್ಲ. ಹಾಗಂತ ಜಾತಿ ಹೋಯ್ತಾ? ಮುಟ್ಟಿಸಿಕೊಳ್ಳದೋರಿಗೆ ಇದು ಇನ್ನೂ ಸಲೀಸಾಯ್ತು, ಅಷ್ಟೆ.

ಯಂತ್ರ ಬದುಕಿಗೆ ಒಗ್ಗಿದ ಕಡೆ ಜನ ಹಿಡಿದರು. ಹಣ ಬಂತೆಂದು ಕನ್ನಡದಲ್ಲೇ ಕೂಗುವ ಪೆಟ್ಟಿಗೆ ಓದು ಬಾರದ ಸೊಪ್ಪು ಮಾರುವ ಅವ್ವಂದಿರಿಗೂ ದಕ್ಕಿತು. ಭಯ ಬಂದ ಕಡೆ ಬಿಟ್ಟರು. 2025ರ ಜುಲೈನಲ್ಲಿ ತೆರಿಗೆ ಇಲಾಖೆ ಯುಪಿಐ ಲೆಕ್ಕ ಹಿಡಿದು ಸಣ್ಣ ವ್ಯಾಪಾರಿಗಳಿಗೆ ನೋಟಿಸು ಕೊಟ್ಟಾಗ, ಬೆಂಗಳೂರಿನ ಎಷ್ಟೋ ಅಂಗಡಿಗಳವರು ಚೀಟಿ ಕಿತ್ತು 'ನಗದು ಮಾತ್ರ' ಎಂದು ಬರೆದರು.

2022ರ ಮಾರ್ಚಿನಲ್ಲಿ ಸಾದಾ ಫೋನಿಗೂ ಯುಪಿಐ ಬಂತು. ಆದರೆ ಅವ್ವನ ಪಿನ್ನು ಮಗನ ಬಾಯಲ್ಲಿದೆ, ಹೆಂಡತಿಯ ಕೂಲಿ ಗಂಡನ ಫೋನಿಗೆ ಬೀಳುತ್ತಿದೆ. ತನ್ನ ದುಡಿಮೆ ಎಷ್ಟೆಂದು ಅವಳು ಇನ್ನೊಬ್ಬರನ್ನು ಕೇಳಿ ತಿಳಿಯಬೇಕು. ಗೆಳೆಯರೇ, ಮೇಷ್ಟ್ರುಗಳೇ, ಕೇರಿಯ ಸಂಜೆ ಶಾಲೆಯಲ್ಲಿ ಅಕ್ಷರದ ಜತೆಗೆ ಇದನ್ನೂ ಕಲಿಸೋಣ: ನಾಲ್ಕೋ ಆರೋ ಅಂಕಿ, ಅವಳದೇ ಬೆರಳು.