ಗುಂಡಿನ ಪಥ ಲೆಕ್ಕಿಸುವ ತಂತ್ರಾಂಶಗಳು: ತಪ್ಪು ಒಳಸೇರುವುದೆಲ್ಲಿ?

ಸಾವಿರ ಗಜ, ಅಂದರೆ 914 ಮೀಟರ್ ದೂರದ ರೈಫಲ್ ಗುರಿಸ್ಪರ್ಧೆಗೆ ಮೊಬೈಲಿನ ತಂತ್ರಾಂಶ ಗುಂಡಿನ ಇಳಿತವನ್ನು ದಶಾಂಶ ಸಮೇತ ಹೇಳಿಬಿಡುತ್ತದೆ. ಆ ದಶಾಂಶವನ್ನು ಎಷ್ಟು ನಂಬಬಹುದು? ಸಮೀಕರಣ ಬಿಡಿಸುವುದರಲ್ಲಿ ಈಗ ತೊಡಕಿಲ್ಲ. 60 ಸೆಕೆಂಡಿನ ಹಾರಾಟವೊಂದನ್ನು ಮನುಷ್ಯರು ಲೆಕ್ಕ ಹಾಕಲು ಸುಮಾರು 20 ಗಂಟೆ ಹಿಡಿಯುತ್ತಿದ್ದ ಕಾಲದಲ್ಲಿ, 1946ರಲ್ಲಿ ಲೋಕಕ್ಕೆ ಪರಿಚಯವಾದ ಎನಿಯಾಕ್ ಗಣಕ ಅದನ್ನು ಅರ್ಧ ನಿಮಿಷಕ್ಕಿಳಿಸಿತು. ತೊಡಕಿರುವುದು ನಾವು ಉಣಿಸುವ ಅಂಕಿಗಳಲ್ಲಿ.

ಮೊದಲನೆಯದು ಗಾಳಿಯ ಎಳೆತ. ಅದು ಜನ ಎಣಿಸಿದ್ದಕ್ಕಿಂತ ಬಹಳ ಹೆಚ್ಚೆಂದು ಲೋಲಕದ ಪ್ರಯೋಗದಿಂದ 1742ರಲ್ಲೇ ತೋರಿಸಿದವನು ಗಣಿತಜ್ಞ ಬೆಂಜಮಿನ್ ರಾಬಿನ್ಸ್. ತಂತ್ರಾಂಶ ಬಳಸುವ ಎಳೆತದ ಮಾದರಿಗಳಲ್ಲಿ ಹಳೆಯ ಜಿ1 ಚಪ್ಪಟೆ ಬುಡದ ಗುಂಡಿನದು. ಇಂದಿನ ನೀಳ, ಬುಡ ಕಿರಿದಾದ ಗುಂಡಿಗೆ ಜಿ7 ಹೆಚ್ಚು ಒಪ್ಪುತ್ತದೆ. ಆದರೂ ವೇಗ ಶಬ್ದವೇಗದ ಸಮೀಪಕ್ಕೆ ಇಳಿದಾಗ ಎಳೆತಕ್ಕೆ ಒಂದೇ ಗುಣಾಂಕ ಸಾಲದು. ಅಲ್ಲಿ ರೇಡಾರ್‌ನಿಂದ ಅಳೆದ ಎಳೆತದ ರೇಖೆಯೇ ಬೇಕು.

ಎರಡನೆಯದು ತೀರ ಸಣ್ಣ ಎಡವಟ್ಟು, ಪರಿಣಾಮ ಮಾತ್ರ ದೊಡ್ಡದು. ಬೆಂಗಳೂರು ಸಮುದ್ರಮಟ್ಟದಿಂದ ಸುಮಾರು 920 ಮೀಟರ್ ಎತ್ತರದಲ್ಲಿದೆ. ಇಲ್ಲಿಯ ನಿಜವಾದ ವಾಯುಒತ್ತಡ 910 ಹೆಕ್ಟೊಪಾಸ್ಕಲ್ ಆಸುಪಾಸು. ಹವಾಮಾನ ವರದಿಯಲ್ಲಿ ಕಾಣುವುದು ಸಮುದ್ರಮಟ್ಟಕ್ಕೆ ಹೊಂದಿಸಿದ, 1010ರ ಸುತ್ತಿನ ಅಂಕಿ. ಅದನ್ನೇ ಸ್ಥಳದ ಒತ್ತಡವೆಂದು ತುಂಬಿದರೆ ಗಾಳಿಯ ಸಾಂದ್ರತೆ ಹತ್ತಿರ ಹತ್ತಿರ ಶೇ. 10 ಹೆಚ್ಚಾಗಿ, ಸಾವಿರ ಗಜದಲ್ಲಿ ಇಳಿತದ ಲೆಕ್ಕ ಅರ್ಧ ಮೀಟರಿಗೂ ಮಿಕ್ಕಿ ತಪ್ಪುತ್ತದೆ. ತಂತ್ರಾಂಶಕ್ಕೆ ಬೈಗುಳ ಬೀಳುವುದು ಹೆಚ್ಚಾಗಿ ಇಂಥ ಕಡೆಯೇ.

ಮೂರನೆಯದು ಅಡ್ಡಗಾಳಿ. ಅದರ ಲೆಕ್ಕವಂತೂ ಸರಳ: ಗುಂಡು ಗಾಳಿಯಿಲ್ಲದ ನಿರ್ವಾತದಲ್ಲಿ ತೆಗೆದುಕೊಳ್ಳುವ ಸಮಯಕ್ಕಿಂತ ಎಷ್ಟು ತಡವಾಯಿತೋ ಅದನ್ನು ಗಾಳಿಯ ವೇಗದಿಂದ ಗುಣಿಸಬೇಕು. ಸೆಕೆಂಡಿಗೆ 800 ಮೀಟರಿನಲ್ಲಿ ಹೊರಟ .308 ಕ್ಯಾಲಿಬರಿನ ಗುಂಡಿಗೆ, ಸಾವಿರ ಗಜದಲ್ಲಿ, ಆ ತಡ ಅರ್ಧ ಸೆಕೆಂಡಿನಷ್ಟು. ಆದರೆ ಗಾಳಿಯ ಅಂದಾಜು ಸೆಕೆಂಡಿಗೆ ಒಂದು ಮೀಟರ್ ತಪ್ಪಿದರೆ ಗುಂಡು ಅರ್ಧ ಮೀಟರ್ ಪಕ್ಕಕ್ಕೆ. ಅಮೆರಿಕದ ಸಾವಿರ ಗಜದ ಗುರಿಹಲಗೆಯಲ್ಲಿ ಹತ್ತು ಅಂಕದ ವೃತ್ತದ ವ್ಯಾಸವೇ 20 ಅಂಗುಲ, ಅಂದರೆ ಸುಮಾರು ಅರ್ಧ ಮೀಟರ್! ನಳಿಗೆಯ ವೇಗ, ಅಂದರೆ ಗುಂಡು ನಳಿಗೆಯಿಂದ ಹೊರಡುವ ವೇಗ, ಸೆಕೆಂಡಿಗೆ 10 ಮೀಟರ್ ತಪ್ಪಿದರೂ ಇಳಿತ ಕೆಡುವುದು ಸುಮಾರು ಕಾಲು ಮೀಟರ್. ಗಾಳಿಯ ಮುಂದೆ ಅದು ಕಡಿಮೆಯೇ.

ನಿಖರತೆಯ ಪರೀಕ್ಷೆಯನ್ನೇ ಕೆಡಿಸುವ ರೂಢಿಯೊಂದಿದೆ. ಗುಂಡು ಬಿದ್ದ ಜಾಗಕ್ಕೆ ಲೆಕ್ಕ ಕೂಡುವವರೆಗೆ ನಳಿಗೆಯ ವೇಗವನ್ನು ತಿದ್ದುತ್ತಾರೆ, ಆಮೇಲೆ ತಂತ್ರಾಂಶ ಕರಾರುವಾಕ್ಕಾಗಿದೆ ಎನ್ನುತ್ತಾರೆ. ಉತ್ತರ ನೋಡಿ ಮಾಡಿದ ಲೆಕ್ಕವಿದು. ದೋಷ ಒತ್ತಡದಲ್ಲೋ ಗುಣಾಂಕದಲ್ಲೋ ಇದ್ದರೂ ವೇಗದ ಮನೆಯಲ್ಲಿ ಅವಿತು ಕೂರುತ್ತದೆ. 900 ಮೀಟರಿಗೆ ಹೀಗೆ ಕೂಡಿಸಿದ ಅಂಕಿಯನ್ನು ತಿದ್ದದೆ 600ಕ್ಕೆ ಹೊಡೆದು ನೋಡಿದರೆ, ಅವಿತದ್ದು ಹೊರಬರುತ್ತದೆ.